ಹಳೆ ಕಂಪ್ಯೂಟರಿಗೆ ಹೊಸ ಆಟ: ಒಂದು ಖಾಲಿ ಸ್ಲಾಟಿನ ಚರಿತ್ರೆ

ಆಫೀಸಿನಿಂದ ನಿವೃತ್ತಿಯಾದ ಕಂಪ್ಯೂಟರೊಂದು ಮನೆಗೆ ಬಂದಿರುತ್ತದೆ. ಡೆಲ್ಲೋ, ಎಚ್‌ಪಿಯೋ, ಲೆನೊವೊವೋ, ಅಂತೂ ಕಂಪೆನಿಯೇ ಜೋಡಿಸಿ ಮುಚ್ಚಿ ಕಳಿಸಿದ ಕಪ್ಪು ಡಬ್ಬ. ಟೈಪಿಂಗಿಗೆ, ಲೆಕ್ಕಪತ್ರಕ್ಕೆ ಏನೂ ಕೊರತೆಯಿಲ್ಲ. ಆದರೆ ಆಟ ಹಾಕಿದೊಡನೆ ಏದುಸಿರು ಬಿಡುತ್ತದೆ. "ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಗುತ್ತದಾ ಸರ್?" ಎಂದು ಮಕ್ಕಳು ನಮ್ಮನ್ನು ಕೇಳುತ್ತಾರೆ. ಹೌದು ಅಥವಾ ಇಲ್ಲ ಎನ್ನುವ ಮೊದಲು ನಾವು ಎರಡು ವಸ್ತುಗಳನ್ನು ನೋಡುತ್ತೇವೆ. ಒಂದು, ಮದರ್‌ಬೋರ್ಡಿನ ಮೇಲೆ ಖಾಲಿ ಬಿದ್ದಿರುವ ಉದ್ದನೆಯ ಸ್ಲಾಟ್. ಇನ್ನೊಂದು, ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕುಳಿತ ಎಸ್‌ಎಂಪಿಎಸ್, ಅಂದರೆ ಒಳಗಿನ ಎಲ್ಲಕ್ಕೂ ಕರೆಂಟು ಹಂಚುವ ಡಬ್ಬ.

ಈ ಎರಡೇ ಯಾಕೆ ಎಂಬುದಕ್ಕೆ ನಲವತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. ಆಟದ ವಿಷಯಕ್ಕೆ ಚರಿತ್ರೆ ಬೇರೆ ಕೇಡು ಎಂದು ಹಿರಿಯರು ಮೂಗು ಮುರಿಯಬಹುದು. ಆದರೆ ಇದು ಬರೀ ಆಟದ ಚರಿತ್ರೆ ಅಲ್ಲ. ದುಡ್ಡು ಕೊಟ್ಟು ಕೊಂಡ ಯಂತ್ರದ ಮುಚ್ಚಳ ತೆರೆಯುವ ಹಕ್ಕು ಯಾರದು, ಒಳಗೆ ಏನಿಡಬೇಕೆಂದು ತೀರ್ಮಾನಿಸುವವರು ಯಾರು ಎಂಬ ಜಗಳದ ಚರಿತ್ರೆ.

ಕತೆ ಶುರುವಾಗುವುದು ಅಮೆರಿಕದ ಫ್ಲಾರಿಡಾ ರಾಜ್ಯದ ಬೋಕಾ ರಟಾನ್ ಎಂಬ ಊರಿನಲ್ಲಿ. ದೈತ್ಯ ಕಂಪ್ಯೂಟರುಗಳಿಗೆ ಹೆಸರಾಗಿದ್ದ ಐಬಿಎಂ ಕಂಪೆನಿಗೆ ಮೇಜಿನ ಮೇಲಿಡುವ ಚಿಕ್ಕ ಯಂತ್ರವೊಂದು ತುರ್ತಾಗಿ ಬೇಕಿತ್ತು. ಡಾನ್ ಎಸ್ಟ್ರಿಜ್ ಎಂಬವರ ಮುಂದಾಳುತನದ ಸಣ್ಣ ತಂಡಕ್ಕೆ ಸಿಕ್ಕಿದ್ದು ಸುಮಾರು ಒಂದು ವರ್ಷ. ಎಲ್ಲವನ್ನೂ ತಾವೇ ತಯಾರಿಸುತ್ತ ಕೂರಲು ಪುರುಸೊತ್ತಿರಲಿಲ್ಲ. ಹಾಗಾಗಿ ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ, ಉಳಿದ ಬಿಡಿಭಾಗಗಳನ್ನು ಪೇಟೆಯಲ್ಲಿ ಸಿಕ್ಕಲ್ಲಿಂದ ತಂದು ಜೋಡಿಸಿದರು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. ಅದರೊಳಗೆ ಐದು ಸ್ಲಾಟ್‌ಗಳಿದ್ದವು. ಪರದೆಯ ಕಾರ್ಡಿಗೆ ಒಂದು, ಫ್ಲಾಪಿಗೆ ಒಂದು ಹೋದರೂ ಮೂರು ಖಾಲಿ. ಲೆಕ್ಕದ ಕೆಲಸಕ್ಕೆಂದೇ ಇರುವ 8087 ಚಿಪ್ಪಿಗೂ ಒಂದು ಖಾಲಿ ಜಾಗ ಬಿಟ್ಟಿದ್ದರು. ಅಷ್ಟೇ ಅಲ್ಲ, ಯಂತ್ರದ ಸರ್ಕ್ಯೂಟು ನಕ್ಷೆಗಳನ್ನೆಲ್ಲ ಕೈಪಿಡಿಯಾಗಿ ಅಚ್ಚು ಹಾಕಿಸಿ ಮಾರಿದರು. ಬೇರೆಯವರೂ ಕಾರ್ಡು ಮಾಡಿ ಮಾರಲಿ, ಅದರಿಂದ ತಮ್ಮ ಯಂತ್ರದ ವ್ಯಾಪಾರವೂ ಬೆಳೆಯಲಿ ಎಂಬುದು ಲೆಕ್ಕಾಚಾರ.

ಈ ಯಂತ್ರ ಆಟಕ್ಕಾಗಿ ಹುಟ್ಟಿದ್ದಲ್ಲ. ಅದರ ಒಂದು ಪರದೆ ಕಾರ್ಡಿಗೆ ಅಕ್ಷರ ಬಿಟ್ಟರೆ ಚಿತ್ರವೇ ಬರುತ್ತಿರಲಿಲ್ಲ. ಸಿಜಿಎ ಎಂಬ ಇನ್ನೊಂದು ಕಾರ್ಡು 320 ಅಡ್ಡ, 200 ಉದ್ದ ಚುಕ್ಕಿಗಳ ಚಿತ್ರವನ್ನು ನಾಲ್ಕೇ ಬಣ್ಣಗಳಲ್ಲಿ ಬಿಡಿಸುತ್ತಿತ್ತು. ಸದ್ದು ಎಂದರೆ ಒಳಗಿನ ಪುಟಾಣಿ ಸ್ಪೀಕರಿನ ಕೀಂ ಕೀಂ. ಆದರೂ ಸ್ಲಾಟ್ ಖಾಲಿ ಇದೆಯಲ್ಲ! ಒಂದು ಕಾರ್ಡು ಕಿತ್ತು ಇನ್ನೊಂದು ಹಾಕಿದರೆ ಅದೇ ಯಂತ್ರಕ್ಕೆ ಬೇರೆ ಮುಖ ಬರುತ್ತಿತ್ತು.

ಮೊದಲ ತೊಡಕೂ ಈ ಯಂತ್ರದಲ್ಲೇ ಕಾಣಿಸಿತು. ಅದರ ಎಸ್‌ಎಂಪಿಎಸ್ ಕೊಡುತ್ತಿದ್ದುದು 63.5 ವ್ಯಾಟ್ ಮಾತ್ರ. ಕೊಂಡವರು ಹಾರ್ಡ್ ಡಿಸ್ಕ್ ಸೇರಿಸಹೊರಟರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಹಾಗಾಯಿತು. 1983ರಲ್ಲಿ ಬಂದ ಐಬಿಎಂ ಎಕ್ಸ್‌ಟಿಯಲ್ಲಿ ಸ್ಲಾಟ್ ಎಂಟಾಯಿತು, ಎಸ್‌ಎಂಪಿಎಸ್ 130 ವ್ಯಾಟಿಗೆ ಏರಿತು. ಹಳೆ ಪಿಸಿ ಇದ್ದವರು ದೊಡ್ಡ ಎಸ್‌ಎಂಪಿಎಸ್ ತಂದು ಬದಲಿಸಿಕೊಂಡರು. ಸ್ಲಾಟು ಊಟಕ್ಕೆ ಕರೆಯುತ್ತದೆ, ಬಡಿಸಬೇಕಾದ್ದು ಎಸ್‌ಎಂಪಿಎಸ್. ಇವತ್ತು ಹಳೆ ಡಬ್ಬಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕುವವರು ಎದುರಿಸುವುದೂ ಇದೇ ಸಮಸ್ಯೆಯನ್ನು.

ನಕ್ಷೆ ಅಚ್ಚಾಗಿತ್ತು, ಬಿಡಿಭಾಗ ಪೇಟೆಯಲ್ಲಿತ್ತು. ಐಬಿಎಂನ ಕೈಯಲ್ಲಿ ಉಳಿದದ್ದು ಬಯೋಸ್ ಎಂಬ ಚಿಕ್ಕ ತಂತ್ರಾಂಶ ಮಾತ್ರ, ಅದರ ಮೇಲೆ ಕಾಪಿರೈಟ್ ಇತ್ತು. ಕಾಂಪ್ಯಾಕ್ ಕಂಪೆನಿ ಆ ಬಯೋಸನ್ನು ಕಣ್ಣಿಂದಲೂ ನೋಡಿರದ ಎಂಜಿನಿಯರುಗಳನ್ನು ಕೂರಿಸಿ, ಅದೇ ಕೆಲಸ ಮಾಡುವ ಹೊಸ ತಂತ್ರಾಂಶ ಬರೆಸಿತು. ಅಲ್ಲಿಂದ ಶುರುವಾದ ತದ್ರೂಪಿ ಯಂತ್ರಗಳ ಸುಗ್ಗಿ ತೈವಾನಿನವರೆಗೂ ಹಬ್ಬಿತು. ನಮ್ಮಲ್ಲಿ "ಅಸೆಂಬಲ್ಡ್" ಎಂದು ಕರೆಯುವ ಕಂಪ್ಯೂಟರಿನ ಅಜ್ಜನಮನೆ ಇದೇ. ಬೆಂಗಳೂರಿನ ಎಸ್‌ಪಿ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ಮುಂಬೈಯ ಲ್ಯಾಮಿಂಗ್ಟನ್ ರೋಡ್‌ಗಳು ಬದುಕುವುದು ಒಬ್ಬನ ಬಿಡಿಭಾಗ ಇನ್ನೊಬ್ಬನ ಡಬ್ಬಕ್ಕೆ ಹೊಂದುತ್ತದೆ ಎಂಬ ಈ ನಂಬಿಕೆಯ ಮೇಲೆ.

ಆಟಕ್ಕಾಗಿಯೇ ಜನ ಮುಚ್ಚಳ ತೆರೆಯಲು ಶುರು ಮಾಡಿದ್ದು ಸದ್ದಿನ ಆಸೆಯಿಂದ. 1987ರಲ್ಲಿ ಆಡ್‌ಲಿಬ್ ಎಂಬ ಸಂಗೀತದ ಕಾರ್ಡು ಬಂತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪೆನಿ ಸೌಂಡ್ ಬ್ಲಾಸ್ಟರ್ ತಂದಿತು. ಅದರಲ್ಲಿ ಆಡ್‌ಲಿಬ್‌ನ ಸಂಗೀತವೂ ಇತ್ತು, ರೆಕಾರ್ಡು ಮಾಡಿದ ಮನುಷ್ಯರ ದನಿಯನ್ನು ನುಡಿಸುವ ಶಕ್ತಿಯೂ ಇತ್ತು, ಮೇಲಿಂದ ಜಾಯ್‌ಸ್ಟಿಕ್ ಸಿಕ್ಕಿಸಲು ಜಾಗವೂ ಇತ್ತು. ಕಚೇರಿಗೆಂದು ತಯಾರಾದ ಮೂಕ ಯಂತ್ರ ಒಂದು ಕಾರ್ಡಿನಿಂದ ಮಾತಾಡಿತು.

ಇತ್ತ ಐಬಿಎಂ ಸುಮ್ಮನಿರಲಿಲ್ಲ. ತಾನು ತೆರೆದ ಬಾಗಿಲಿನಿಂದ ಊರೆಲ್ಲ ಒಳನುಗ್ಗಿದ್ದನ್ನು ಕಂಡು 1987ರ ಏಪ್ರಿಲಿನಲ್ಲಿ ಪಿಎಸ್/2 ಎಂಬ ಹೊಸ ಸಾಲಿನ ಯಂತ್ರಗಳನ್ನು ತಂದಿತು. ಅದರ ದೊಡ್ಡ ಮಾದರಿಗಳಲ್ಲಿ ಹಳೆಯ ಸ್ಲಾಟ್ ಮಾಯ. ಮೈಕ್ರೋ ಚಾನೆಲ್ ಎಂಬ ಹೊಸ ಸ್ಲಾಟು, ಹಳೆಯ ಕಾರ್ಡು ಅದಕ್ಕೆ ಕೂರುವುದಿಲ್ಲ, ತದ್ರೂಪಿ ಮಾಡುವವರು ಪರವಾನಗಿ ಶುಲ್ಕ ಕಟ್ಟಬೇಕು. ತಾಂತ್ರಿಕವಾಗಿ ಅದು ಹಳೆಯದಕ್ಕಿಂತ ಚೆನ್ನಾಗಿಯೇ ಇತ್ತು. ಆದರೆ 1988ರಲ್ಲಿ ಕಾಂಪ್ಯಾಕ್ ಮುಂದಾಗಿ ಒಂಬತ್ತು ಕಂಪೆನಿಗಳು ಒಟ್ಟು ಸೇರಿ, ಹಳೆ ಕಾರ್ಡುಗಳೂ ಕೂರುವಂಥ ಇಐಎಸ್ಎ ಎಂಬ ಪರ್ಯಾಯವನ್ನು ಘೋಷಿಸಿದವು. ಅದೂ ಮನೆಮನೆಗೆ ತಲುಪಲಿಲ್ಲ. ಗೆದ್ದದ್ದು ಎಲ್ಲರಿಗೂ ಗೊತ್ತಿದ್ದ ಹಳೆಯ ಸಾಮಾನ್ಯ ಸ್ಲಾಟು. ಬಾಗಿಲು ಮುಚ್ಚಹೋದ ಐಬಿಎಂ ತಾನೇ ಹೊರಗುಳಿಯಿತು. ಪಿಎಸ್/2ರಿಂದ ಉಳಿದು ಬಾಳಿದ್ದರಲ್ಲಿ ಮುಖ್ಯವಾದದ್ದು ವಿಜಿಎ ಎಂಬ ಪರದೆಯ ಪದ್ಧತಿ. ಅದನ್ನು ಬೇರೆಯವರು ನಕಲು ಮಾಡಲು ಸಾಧ್ಯವಾಗಿತ್ತು.

1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ಕಂಪೆನಿ ಡೂಮ್ ಆಟ ಬಿಡುಗಡೆ ಮಾಡಿತು. ಮೊದಲ ಭಾಗ ಪುಕ್ಕಟೆ. ಫ್ಲಾಪಿಯಿಂದ ಫ್ಲಾಪಿಗೆ, ಆಫೀಸಿನಿಂದ ಆಫೀಸಿಗೆ ಅದು ಹರಡಿತು. ಆಡಲು ಕನಿಷ್ಠ 386 ಪ್ರೊಸೆಸರು, 4 ಎಂಬಿ ರ‍್ಯಾಮ್ ಬೇಕಿತ್ತು. ಸುಖವಾಗಿ ಆಡಲು 486 ಬೇಕು. ಕಾಗದಪತ್ರಕ್ಕೆ ಯಾವತ್ತೂ ನಿಧಾನ ಎನಿಸದಿದ್ದ ಯಂತ್ರ ರಾತ್ರಿ ಬೆಳಗಾಗುವುದರೊಳಗೆ ಮುದಿಯಾಯಿತು. ರ‍್ಯಾಮ್ ಹೆಚ್ಚಿಸುವುದು, ವೇಗದ ಪರದೆ ಕಾರ್ಡು ಹಾಕುವುದು, ಇಂಟೆಲ್ 1992ರಿಂದ ಮಾರುತ್ತಿದ್ದ ಓವರ್‌ಡ್ರೈವ್ ಪ್ರೊಸೆಸರನ್ನು ಹಳೆಯ 486ರ ಜಾಗದಲ್ಲಿ ಕೂರಿಸುವುದು, ಹೀಗೆ ಅಪ್‌ಗ್ರೇಡ್ ಎಂಬ ಪದ ಮನೆಮಾತಾದದ್ದು ಈ ಕಾಲದಲ್ಲಿ.

ಇಲ್ಲೇ ಅಸೆಂಬಲ್ಡ್ ಮತ್ತು ಬ್ರಾಂಡೆಡ್ ಎಂಬ ಎರಡು ದಾರಿಗಳು ಬೇರೆಯಾದವು. ಅಮೆರಿಕದ ಅಂಗಡಿಗಳಲ್ಲಿ ರಾಶಿ ರಾಶಿ ಮಾರಾಟವಾದ ಪ್ಯಾಕರ್ಡ್ ಬೆಲ್‌ನಂಥ ಸಿದ್ಧ ಯಂತ್ರಗಳಲ್ಲಿ ಡಬ್ಬ ತೆಳ್ಳಗಾಗಲೆಂದು ಸ್ಲಾಟುಗಳನ್ನು ಮದರ್‌ಬೋರ್ಡಿನಿಂದ ಎಬ್ಬಿಸಿ, ನೆಟ್ಟಗೆ ನಿಂತ ಒಂದು ಸಣ್ಣ ಹಲಗೆಗೆ ಹಾಕುತ್ತಿದ್ದರು. ಪರದೆಯ ಚಿಪ್ಪು ಬೋರ್ಡಿಗೇ ಬೆಸುಗೆ. ಬೋರ್ಡು ಬದಲಿಸಬೇಕೆಂದರೆ ಕ್ಯಾಬಿನೆಟ್ಟೂ ಬದಲಿಸಬೇಕು. ಇದರಲ್ಲಿ ಯಾರ ದುಷ್ಟತನವೂ ಇರಬೇಕಾಗಿಲ್ಲ. ಲಕ್ಷಗಟ್ಟಲೆ ಯಂತ್ರ ಮಾಡುವವನಿಗೆ ಒಂದೊಂದರಲ್ಲೂ ಉಳಿಯುವ ನಾಲ್ಕು ಕಾಸು ದೊಡ್ಡದು. ಆದರೆ ಆ ನಾಲ್ಕು ಕಾಸಿನ ಉಳಿತಾಯದ ಬೆಲೆಯನ್ನು ಮೂರು ವರ್ಷದ ಬಳಿಕ ಕೊಂಡವನು ತೆರುತ್ತಾನೆ.

1996ರ ಜೂನಿನಲ್ಲಿ ಅದೇ ಐಡಿ ಸಾಫ್ಟ್‌ವೇರಿನ ಕ್ವೇಕ್ ಬಂತು. ಡೂಮ್‌ಗಿಂತ ಭಿನ್ನವಾಗಿ ಇದರ ಲೋಕ ಪೂರ್ತಿ ಮೂರು ಆಯಾಮದ್ದು. ದಶಾಂಶದ ಲೆಕ್ಕ ವಿಪರೀತ. ಆ ಲೆಕ್ಕದಲ್ಲಿ ಗಟ್ಟಿಗನಾಗಿದ್ದ ಪೆಂಟಿಯಂ ದಾಟಿತು, 486 ಮುಗ್ಗರಿಸಿತು. ಅದೇ ವರ್ಷ ಮೆಮೊರಿ ಚಿಪ್ಪಿನ ಬೆಲೆ ಕುಸಿದಿತ್ತು. ಅದರ ಲಾಭ ಪಡೆದ 3ಡಿಎಫ್ಎಕ್ಸ್ ಎಂಬ ಹೊಸ ಕಂಪೆನಿ 4 ಎಂಬಿ ಮೆಮೊರಿಯ ವೂಡೂ ಎಂಬ ಕಾರ್ಡನ್ನು ಮನೆಬಳಕೆಯವರ ಕೈಗೆಟಕುವ ಬೆಲೆಗೆ ತಂದಿತು. ಈ ಕಾರ್ಡಿನ ರೀತಿಯೇ ವಿಚಿತ್ರ. ಅದಕ್ಕೆ ವಿಂಡೋಸ್‌ನ ಸಾದಾ ಪರದೆ ತೋರಿಸಲೂ ಬಾರದು. ಯಂತ್ರದಲ್ಲಿ ಮೊದಲೇ ಇದ್ದ ಪರದೆ ಕಾರ್ಡನ್ನು ಅದರ ಪಾಡಿಗೆ ಬಿಟ್ಟು, ಅದರಿಂದ ಹೊರಡುವ ವೈರನ್ನು ವೂಡೂವಿನ ಬೆನ್ನಿಗೆ ಸಿಕ್ಕಿಸಬೇಕು. ಮಾನಿಟರಿನ ವೈರು ವೂಡೂವಿನಿಂದ ಹೊರಡುತ್ತದೆ. ಆಟ ಶುರುವಾದಾಗ ಮಾತ್ರ ವೂಡೂ ಎದ್ದು ಕೆಲಸ ಹಿಡಿಯುತ್ತದೆ. 1997ರ ಜನವರಿಯಲ್ಲಿ ಈ ಬಗೆಯ ಕಾರ್ಡುಗಳಿಗಾಗಿ ಜಿಎಲ್‌ಕ್ವೇಕ್ ಬಂದಾಗ ನುಣುಪಾದ ಗೋಡೆಗಳನ್ನು ಕಂಡು ಆಟಗಾರರು ಬೆರಗಾದರು. ಅದು ಕೂರುತ್ತಿದ್ದುದು ಅಷ್ಟರಲ್ಲಿ ಬಹುತೇಕ ಪೆಂಟಿಯಂ ಯಂತ್ರಗಳಲ್ಲಿ ಇದ್ದ ಪಿಸಿಐ ಎಂಬ ಸಾಮಾನ್ಯ ಸ್ಲಾಟಿಗೆ. ಕಚೇರಿಯ ಸಾದಾ ಪೆಂಟಿಯಂ ಕೂಡ ಸ್ಲಾಟ್ ಖಾಲಿ ಇದ್ದರೆ ಈ ಹೊಸ ಲೋಕದೊಳಗೆ ಕಾಲಿಡಬಹುದಿತ್ತು.

ಸುಖ ಬಹಳ ದಿನ ಉಳಿಯಲಿಲ್ಲ. ಪಿಸಿಐ ಸ್ಲಾಟುಗಳೆಲ್ಲ ಸೆಕೆಂಡಿಗೆ 133 ಎಂಬಿಯ ಒಂದೇ ದಾರಿಯನ್ನು ಹಂಚಿಕೊಳ್ಳಬೇಕಿತ್ತು. 1997ರಲ್ಲಿ ಇಂಟೆಲ್ ಗ್ರಾಫಿಕ್ಸ್ ಕಾರ್ಡಿಗೆಂದೇ ಎಜಿಪಿ ಎಂಬ ಪ್ರತ್ಯೇಕ ಸ್ಲಾಟನ್ನು ತಂದಿತು. ಒಳ್ಳೆಯ ಕಾರ್ಡುಗಳೆಲ್ಲ ಅತ್ತ ಹೊರಳಿದವು. ಆದರೆ 1999ರಲ್ಲಿ ಅಗ್ಗದ ಯಂತ್ರಗಳಿಗಾಗಿ ಅದೇ ಇಂಟೆಲ್ 810 ಎಂಬ ಚಿಪ್‌ಸೆಟ್ ಮಾಡಿತು. ಗ್ರಾಫಿಕ್ಸ್ ಅದರಲ್ಲೇ ಅಡಕ, ಎಜಿಪಿ ಸ್ಲಾಟಿಗೆ ಅವಕಾಶವೇ ಇಲ್ಲ. ನಮ್ಮ ದೇಶದಲ್ಲೂ ಇಂಥ ಬೋರ್ಡಿನ ಕಂಪ್ಯೂಟರುಗಳು ಮಾರಾಟವಾದವು. 2003ರಲ್ಲಿ ಜಿಟಿಎ ವೈಸ್ ಸಿಟಿ 32 ಎಂಬಿಯ ಗ್ರಾಫಿಕ್ಸ್ ಕಾರ್ಡ್ ಕೇಳಿದಾಗ ಈ ಯಂತ್ರದವರು ಏನು ಮಾಡಬೇಕು? ಹಳೆಯ ಪಿಸಿಐ ಸ್ಲಾಟಿಗೆ ಕೂರುವ ಜಿಫೋರ್ಸ್ 2 ಎಂಎಕ್ಸ್, ಎಫ್ಎಕ್ಸ್ 5200ರಂಥ ಕಾರ್ಡುಗಳನ್ನು ಹುಡುಕಿ ಹಾಕಬೇಕು. ಇಕ್ಕಟ್ಟಿನ ದಾರಿಯಾದರೂ ದಾರಿ ಇತ್ತು.

ಹೆಸರಿಗೆ ಮೋಸಹೋದವರೂ ಇದ್ದರು. 2002ರಲ್ಲಿ ಬಂದ ಜಿಫೋರ್ಸ್ 4 ಎಂಎಕ್ಸ್‌ನ ಹೆಸರಿನಲ್ಲಿ ನಾಲ್ಕಿದ್ದರೂ ಒಳಗಿನ ಚಿಪ್ಪು ಜಿಫೋರ್ಸ್ 2ರ ಮನೆತನದ್ದು. ಜಿಫೋರ್ಸ್ 3ರಲ್ಲೇ ಇದ್ದ ಪಿಕ್ಸೆಲ್ ಶೇಡರ್ ಎಂಬ ಸೌಲಭ್ಯ ಅದರಲ್ಲಿ ಇರಲಿಲ್ಲ. 2003ರ ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್ ಆಟ ಆ ಕಾರ್ಡನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿತು. ಡಬ್ಬದ ಮೇಲಿನ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಕಾರ್ಡು ಹೊಸದು ಎಂದುಕೊಳ್ಳಬಾರದು.

ಎಸ್‌ಎಂಪಿಎಸ್‌ನ ಕತೆಯೂ ಜೊತೆಗೇ ನಡೆಯುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿ, ಬೋರ್ಡು, ಕ್ಯಾಬಿನೆಟ್, ಎಸ್‌ಎಂಪಿಎಸ್ ಒಂದಕ್ಕೊಂದು ಹೊಂದುವ ಹಾಗೆ ಮಾಡಿತ್ತು. ಆದರೆ 1990ರ ದಶಕದ ಕೊನೆಯ ಡೆಲ್ ಯಂತ್ರಗಳಲ್ಲಿ ಒಂದು ಬಲೆ ಇತ್ತು. ಪ್ಲಗ್ಗು ನೋಡಲು ಎಟಿಎಕ್ಸ್‌ನದ್ದೇ, ಒಳಗಿನ ವೈರುಗಳ ಜಾಗ ಮಾತ್ರ ಅದಲುಬದಲು. ಪೇಟೆಯಿಂದ ತಂದ ಸಾಮಾನ್ಯ ಎಸ್‌ಎಂಪಿಎಸ್ ಅದಕ್ಕೆ ಸಲೀಸಾಗಿ ಕೂರುತ್ತಿತ್ತು, ಸ್ವಿಚ್ ಹಾಕಿದರೆ ಬೋರ್ಡು ಸುಡುತ್ತಿತ್ತು.

2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಮೇಜಿನ ಯಂತ್ರಗಳಿಗೆ ಬಂತು. ಇವತ್ತಿಗೂ ನಡೆಯುತ್ತಿರುವುದು ಅದೇ. ಪೀಳಿಗೆ ಬದಲಾದರೂ ಹಳೆ ಸ್ಲಾಟಿಗೆ ಹೊಸ ಕಾರ್ಡು, ಹೊಸ ಸ್ಲಾಟಿಗೆ ಹಳೆ ಕಾರ್ಡು ಕೂರುತ್ತದೆ. ಈ ಉದ್ದನೆಯ ಸ್ಲಾಟಿನಿಂದಲೇ ಕಾರ್ಡು 75 ವ್ಯಾಟ್‌ವರೆಗೆ ಕರೆಂಟು ಎಳೆದುಕೊಳ್ಳಬಹುದು. ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಕೊಡಬೇಕು. ಕಚೇರಿಯ ಯಂತ್ರಗಳಲ್ಲಿ ಆ ವೈರು ಸಾಮಾನ್ಯವಾಗಿ ಇರುವುದಿಲ್ಲ. ಸಿಂಗಲ್ ಫೇಸ್ ಮನೆಗೆ ತೋಟದ ದೊಡ್ಡ ಪಂಪು ತಂದ ಹಾಗೆ, ಕಾರ್ಡು ಕೈಯಲ್ಲಿದ್ದರೂ ಲೈನು ತಾಳಬೇಕಲ್ಲ.

ಈ ಗಂಟು ಸಡಿಲಾದದ್ದು 2014ರ ಫೆಬ್ರವರಿಯಲ್ಲಿ. ಎನ್‌ವಿಡಿಯಾ ಜಿಟಿಎಕ್ಸ್ 750 ಟಿಐ ಎಂಬ ಕಾರ್ಡು ತಂದಿತು. ಬೇಕಾದದ್ದು 60 ವ್ಯಾಟ್ ಅಷ್ಟೇ, ಬೇರೆ ವೈರು ಬೇಡ. ಇದಕ್ಕೆ ತಕ್ಕ ಮನೆಯೂ ಆಗಲೇ ಸಿದ್ಧವಾಗುತ್ತಿತ್ತು. 2007ರಿಂದ 2017ರವರೆಗೆ ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರು ನಾಲ್ಕು ಕೋರ್ ದಾಟಲಿಲ್ಲ, ಎದುರಾಳಿ ಎಎಂಡಿ ಆಗ ಸೊರಗಿತ್ತು. ಹಾಗಾಗಿ 2011, 2012ರ ಕೋರ್ ಐ5 ಇರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್, ಲೆನೊವೊ ಥಿಂಕ್‌ಸೆಂಟರ್‌ಗಳು ಐದಾರು ವರ್ಷ ದುಡಿದು ಕಚೇರಿಯಿಂದ ಹೊರಬಿದ್ದಾಗಲೂ ಹೊಸ ಯಂತ್ರಗಳಿಗಿಂತ ಬಹಳ ಹಿಂದೆ ಬಿದ್ದಿರಲಿಲ್ಲ. ಕಂಪೆನಿಗಳು ಅವನ್ನು ಲಾಟುಗಟ್ಟಲೆ ಮಾರಿದವು. ಅಂಥ ಒಂದು ಸೆಕೆಂಡ್ ಹ್ಯಾಂಡ್ ಡಬ್ಬ, ಒಂದು 750 ಟಿಐ, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ. ಇಷ್ಟಾದರೆ 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಚೆನ್ನಾಗಿ ಓಡುತ್ತಿತ್ತು. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650 ಕೂಡ ಇದೇ 75 ವ್ಯಾಟಿನ ಗೆರೆಯೊಳಗೆ ಹುಟ್ಟಿದವು. 2024ರ ಆರಂಭದಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಕೂಡ 70 ವ್ಯಾಟಿನದ್ದೇ. ತಯಾರಕರು ಅಪ್‌ಗ್ರೇಡಿಗೆಂದು ಮಾಡಿರದ ಯಂತ್ರ, ಇಷ್ಟು ಜನರ ಅಪ್‌ಗ್ರೇಡ್ ಯಂತ್ರವಾದದ್ದು ಹೀಗೆ.

ಹಾಗೆಂದು ಬಾಗಿಲು ಹಾಕುವ ಕೆಲಸ ನಿಂತಿಲ್ಲ. 2013ರ ಹೊತ್ತಿಗೆ ಬಂದ ಆಪ್ಟಿಪ್ಲೆಕ್ಸ್‌ಗಳಲ್ಲಿ ಎಸ್‌ಎಂಪಿಎಸ್‌ನ ಪ್ಲಗ್ಗು ಎಟಿಎಕ್ಸ್‌ನ 24 ಪಿನ್ನಿನದ್ದಲ್ಲ, ಡೆಲ್ಲಿನದೇ ಆದ 8 ಪಿನ್ನಿನದ್ದು. ಸಾಮಾನ್ಯ ಎಸ್‌ಎಂಪಿಎಸ್ ಹಾಕಲು ನಡುವೆ ಪರಿವರ್ತಕ ವೈರು ಬೇಕು. ತೆಳ್ಳನೆಯ ಡಬ್ಬಗಳಿಗೆ ಅರ್ಧ ಎತ್ತರದ ಕಾರ್ಡೇ ಬೇಕು. 2022ರ ರೇಡಿಯಾನ್ ಆರ್‌ಎಕ್ಸ್ 6400ಕ್ಕೆ ವೈರು ಬೇಡ ನಿಜ, ಆದರೆ ಅದು ಸ್ಲಾಟಿನ ಹದಿನಾರು ದಾರಿಗಳಲ್ಲಿ ನಾಲ್ಕನ್ನೇ ಬಳಸುವುದರಿಂದ ಹಳೆ ಪೀಳಿಗೆಯ ಸ್ಲಾಟಿನಲ್ಲಿ ಸೊರಗುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳು ಪೂರ್ತಿ ಶಕ್ತಿ ತೋರಲು ಹಳೆ ಬೋರ್ಡುಗಳಲ್ಲಿ ಇಲ್ಲದ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು. 2013ಕ್ಕಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳಲ್ಲಿ ಎವಿಎಕ್ಸ್2 ಆದೇಶಗಳಿಲ್ಲ, ಕೆಲವು ಹೊಸ ಆಟಗಳು ಅವಿಲ್ಲದೆ ತೆರೆಯುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಬೀಗ ಬಿದ್ದದ್ದು ಯಂತ್ರಾಂಶದಲ್ಲಿ ಅಲ್ಲ, ತಂತ್ರಾಂಶದಲ್ಲಿ. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಬಹುಮಟ್ಟಿಗೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದೇ ತಿಂಗಳು ಬಂದ ಬ್ಯಾಟಲ್‌ಫೀಲ್ಡ್ 6 ಸೆಕ್ಯೂರ್ ಬೂಟ್ ಇಲ್ಲದಿದ್ದರೆ ಆಡಲು ಬಿಡುವುದಿಲ್ಲ. ಸ್ಲಾಟ್ ಖಾಲಿ ಇದೆ, ಕರೆಂಟೂ ಸಾಲುತ್ತದೆ, ಆದರೂ ಯಂತ್ರ ಹಳೆಯದೆಂಬ ತೀರ್ಪು ಹೊರಗಿನಿಂದ ಬರುತ್ತದೆ. ಇದು 1987ರ ಮೈಕ್ರೋ ಚಾನೆಲ್‌ನ ಮೊಮ್ಮಗ ಎಂದರೆ ತಪ್ಪಾಗಲಾರದು. ಭದ್ರತೆಯ ಕಾರಣ ಸುಳ್ಳಲ್ಲ. ಆದರೆ ನಷ್ಟ ಯಾರಿಗೆ ಎಂದೂ ಕೇಳಬೇಕು.

ಪಕ್ಕದ ಬಾಗಿಲೊಂದು ತೆರೆದೇ ಇದೆ. 2018ರಲ್ಲಿ ವಾಲ್ವ್ ಕಂಪೆನಿ ಪ್ರೋಟಾನ್ ಎಂಬ ತಂತ್ರಾಂಶ ಬಿಡುಗಡೆ ಮಾಡಿದ ಮೇಲೆ ವಿಂಡೋಸ್‌ಗಾಗಿ ಮಾಡಿದ ಬಹಳಷ್ಟು ಆಟಗಳು ಲಿನಕ್ಸಿನಲ್ಲೂ ಓಡುತ್ತವೆ. ಕಳ್ಳಾಟ ತಡೆಯುವ ಕಾವಲು ತಂತ್ರಾಂಶವಿರುವ ಕೆಲವು ಆನ್‌ಲೈನ್ ಆಟಗಳು ಮಾತ್ರ ಒಪ್ಪುವುದಿಲ್ಲ. ನಾವು ಗಡಿಯ ಈಚೆ ಇರುವವರಿಗೆ ಲಿನಕ್ಸ್ ಹೊಸತೇನೂ ಅಲ್ಲ. 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂದು ಹೆಸರಾದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡದ್ದರಿಂದ, ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರಿನ ಮೊದಲ ಪಾಠ ಕಲಿಯುವುದೇ ಅದರಲ್ಲಿ.

ಹಳೆ ಡಬ್ಬ ಇರುವವರಿಗೆ ಈ ಚರಿತ್ರೆ ಕೊಡುವ ಬುದ್ಧಿಮಾತು ಸರಳ. ದುಡ್ಡು ಖರ್ಚು ಮಾಡುವ ಮೊದಲು ಪ್ಲಗ್ ಕಿತ್ತು ಮುಚ್ಚಳ ತೆರೆಯಿರಿ. ಪ್ರೊಸೆಸರಿನ ಪೀಳಿಗೆ ಯಾವುದು, ರ‍್ಯಾಮ್ ಎಷ್ಟು, ಉದ್ದನೆಯ ಸ್ಲಾಟ್ ಖಾಲಿ ಇದೆಯೇ, ಪೂರ್ತಿ ಎತ್ತರದ ಕಾರ್ಡಿಗೆ ಜಾಗ ಇದೆಯೇ, ಎಸ್‌ಎಂಪಿಎಸ್‌ನ ಪಟ್ಟಿಯಲ್ಲಿ ಎಷ್ಟು ವ್ಯಾಟ್ ಎಂದಿದೆ, ಅದರಿಂದ ಹೊರಟ ಪ್ಲಗ್ಗಿನಲ್ಲಿ ಎಷ್ಟು ಪಿನ್ ಇವೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಜೋಡಿ ಮಾಡಿ, ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿ. ಕಾರ್ಡಿನ ಮಾತು ಅದಾದ ಮೇಲೆ. ವೈರು ಬೇಡದ ಕಾರ್ಡೇ ಸಾಕೆನಿಸಿದರೆ ಅಲ್ಲಿಗೆ ನಿಲ್ಲಿಸಿ. ಕಾರ್ಡಿನ ಖರ್ಚು ಡಬ್ಬದ ಬೆಲೆಯನ್ನು ಎರಡು ಮೂರು ಪಟ್ಟು ಮೀರುವಂತಿದ್ದರೆ, ಆ ದುಡ್ಡನ್ನು ಇನ್ನೊಂದು ಯಂತ್ರಕ್ಕೆ ಎತ್ತಿಡುವುದೇ ಜಾಣತನ.

ಹೊಸದನ್ನು ಕೊಳ್ಳುವವರೂ ಇದೇ ಪಟ್ಟಿ ಹಿಡಿದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ರ‍್ಯಾಮನ್ನೂ ಬೋರ್ಡಿಗೇ ಬೆಸೆದ ಪುಟಾಣಿ ಡಬ್ಬಗಳು ಈಗ ಮೇಜಿಗೂ ಬಂದಿವೆ. ನೋಡಲು ಚಂದ, ಕರೆಂಟೂ ಕಡಿಮೆ. ಆದರೆ ಆರು ವರ್ಷ ಕಳೆದ ಮೇಲೆ ಅವು ಇನ್ನೊಬ್ಬ ಹುಡುಗನ ಕೈಗೆ ಬಂದಾಗ ಅವನು ತೆರೆದು ಬದಲಿಸಲು ಅವುಗಳೊಳಗೆ ಹೆಚ್ಚೇನೂ ಉಳಿದಿರುವುದಿಲ್ಲ.